ಕಲ್ಯಾಣ ಮಂಟಪದ ಫ್ಯಾನುಗಳು

ಬಳ್ಳಾರಿ ಬಸ್ ನಿಲ್ದಾಣದಲ್ಲಿ ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ತಂದೆ, ಅವರ ಮಗಳು. ಅವಳ ತೊಡೆಯ ಮೇಲೆ ಬ್ಯಾಡ್ಮಿಂಟನ್ ಬ್ಯಾಟಿನ ಚೀಲ.

“ಈ ಸಲನೂ ಮೊದಲ್ನೇ ಮ್ಯಾಚಿಗೇ ಸೋತಿಯಲ್ಲ, ಪಂಪಾ.”

“ಎದುರಿನಾಕಿ ಬರೇ ಎತ್ತರಕ್ಕ ಎತ್ತಿ ಹಾಕಿದ್ಲಪ್ಪ. ನನಗ ಎತ್ತರದ ಆಟ ಬರಂಗಿಲ್ಲ ಅಂತ ಈಗ ಎಲ್ಲಾರಿಗೂ ಗೊತ್ತೈತಿ.”

“ಯಾಕ ಬರಂಗಿಲ್ಲ? ಸಣ್ಣಾಕಿ ಇದ್ದಾಗಿಂದ ಆಡ್ತಿ.”

“ಆಡಿದ್ದು ಎಲ್ಲಿ? ನಮ್ಮೂರ ಕಲ್ಯಾಣ ಮಂಟಪದಾಗ. ಶಟಲ್ ಫ್ಯಾನಿಗೆ ಬಡೀಬಾರ್ದು ಅಂತ ತಗ್ಗಿಸಿ ತಗ್ಗಿಸಿ ಹೊಡದು, ಕೈ ಅದಕ್ಕ ಹೊಂದಿಬಿಟ್ಟೈತಿ.”

“ಆ ಫ್ಯಾನು ಮಂಟಪದವರನ್ನ ಕಾಡಿ ಬೇಡಿ ಹಾಕ್ಸಿದ್ದು ನಾನು. ನಿನಗ ಶಕಿ ಆಗಬಾರ್ದು ಅಂತ.”

“ಗೊತ್ತೈತಪ್ಪ. ಆದ್ರ ಆಡುವಾಗ ಒಂದಿನಾನೂ ಹಚ್ಚಲಿಲ್ಲ. ಗಾಳಿಗೆ ಶಟಲ್ ಎತ್ತಾಗೋ ಹೋಗ್ತೈತಿ.”



“ನಾಳೇನ ಆ ಫ್ಯಾನು ಬಿಚ್ಚಿಸ್ತೀನಿ.”

“ಈಗ ಬಿಚ್ಚಿಸಿ ಏನ್ ಮಾಡ್ತಿ? ಇಪ್ಪತ್ತಾರ್ ವರ್ಷಕ್ಕ ಎತ್ತರದ ಆಟ ಹೊಸದಾಗಿ ಕಲಿಯಾಕ ಆಗ್ತೈತೇನು?”

ಅಷ್ಟರಲ್ಲಿ ಬಸ್ ಬಂತು. ತಂದೆ ಓಡಿಹೋಗಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದರು.

“ಕಿಟಕಿ ಕಡೆ ಕುಂದ್ರು. ಶಕಿ ಐತಿ, ಗಾಳಿ ಬರ್ತೈತಿ.”