ಅಡುಗೆಮನೆ ಬಾಗಿಲಿನ ಕುರ್ಚಿ

…ಹಸು ಅಂತೆ, ಹಸು! ಮೂರನೇ ಮಹಡಿ ಮನೆಯಲ್ಲಿ. ಅವರಮ್ಮ ಎದ್ದ ಕೂಡಲೇ ಹಾಲು ಕರೀತಾರಂತೆ, ಸಗಣಿ ಬಾಚ್ತಾರಂತೆ, ಇವನು ಪಕ್ಕದಲ್ಲೇ ಕೂತು ನೋಡಿದನಂತೆ. ಹಸೂನ ಲಿಫ್ಟಿನಲ್ಲಿ ಹತ್ತಿಸಿದರಾ, ಮೆಟ್ಟಿಲಲ್ಲಿ ನಡೆಸಿದರಾ, ಅದೊಂದನ್ನ ಮಾತ್ರ ಹೇಳಲಿಲ್ಲ. ನಗಬೇಡ. ನಗೋ ವಿಷಯ ಅಲ್ಲ ಇದು. ಥೂ, ಹೇಸಿಗೆ ಆಗಿಹೋಯ್ತು ನನಗೆ. ತರಗತಿಯಲ್ಲಿ ಅದೇ ಬೆಂಚಿನಲ್ಲಿ, ಅವನ ಪಕ್ಕದಲ್ಲೇ ಕೂತಿರೋನು ನಾನು.

ಯಾರಾ? ಅವನೇ, ಸೋಡಾಬುಡ್ಡಿ, ದಪ್ಪ ಕನ್ನಡಕದವನು. ಒಂದು ಸಲ ಮನೆಗೂ ಬಂದಿದ್ದನಲ್ಲ, ನೀನು ಕೊಟ್ಟ ಟೀ ಕುಡಿದು ಲೋಟ ಕೂತಲ್ಲೇ ಬಿಟ್ಟು ಹೋದ ನೋಡು… ಸರಿ, ನಾನೂ ಬಿಡ್ತೀನಿ. ನಾನು ಮನೆಯವನು, ಅದು ಬೇರೆ ಮಾತು.

ನೀನು ಬಟ್ಟೆ ಮಡಚ್ತಾನೇ ಕೇಳು, ನನಗೇನೂ ಅಡ್ಡಿ ಇಲ್ಲ. ಆ ನೀಲಿ ಶರ್ಟಿಗೆ ಗುಂಡಿ ಹಾಕಿಯಾಯ್ತಾ? ಒಳ್ಳೇದು. ಏನು ಹೇಳ್ತಿದ್ದೆ… ಹಾಂ, ಹೇಸಿಗೆ. ರಿಟೈರಾದ ಮೇಲೆ ಬಿ.ಎ. ಸೇರ್ತೀನಿ, ಅರ್ಥಶಾಸ್ತ್ರ ಓದ್ತೀನಿ ಅಂದಾಗ ನಿನ್ನ ತಮ್ಮ ಏನಂದ? ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಭಾವನಿಗೆ ಕಾಲೇಜು ಕೈಬೀಸಿ ಕರೀತಂತೆ ಅಂತ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗನಾಗಿದ್ದಾಗ ಅಪ್ಪ ವಿಜ್ಞಾನ ಓದಿಸಿದರು, ಓದಿದೆ. ಅಷ್ಟು ವರ್ಷ ಗಿರಣಿಯಲ್ಲಿ ಮೇಲ್ವಿಚಾರಕ ಆಗಿದ್ದೆ, ಅದೂ ಆಯ್ತು. ಇನ್ನಾದರೂ ನನಗೆ ಬೇಕಾದ್ದು ಓದೋಣ ಅಂತ ಹೋದರೆ, ಅಲ್ಲಿ ಓದೋರು ಯಾರಿದ್ದಾರೆ? ಒಬ್ಬ ಪಾಠದ ಮಧ್ಯೆ ಉಗುರು ಕತ್ತರಿಸ್ತಾನೆ. ಒಬ್ಬಳು ಡೆಸ್ಕಿನ ಕೆಳಗೆ ಮೊಬೈಲ್ ಇಟ್ಟುಕೊಂಡು ತನ್ನಷ್ಟಕ್ಕೇ ನಗ್ತಾಳೆ. ಹಿಂದಿನ ಬೆಂಚಂತೂ ಬಿಡು, ಅದು ಬೆಂಚಲ್ಲ, ಮಂಚ. ಬಾಯಿ ತೆರೆದುಕೊಂಡು, ಜೊಲ್ಲು ಸುರಿಸಿಕೊಂಡು… ಹಗಲು ನಿದ್ದೆ ಅಂದರೆ ನನಗೆ ಮೊದಲಿಂದಲೂ ಆಗಿಬರಲ್ಲ. ಗಿರಣಿಯಲ್ಲಿ ಯಾವನಾದರೂ ತೂಕಡಿಸಿದರೆ ಅವನ ಹಿಂದೆ ಹೋಗಿ ಸುಮ್ಮನೆ ನಿಂತ್ಕೋತಿದ್ದೆ, ಎದ್ದು ತಿರುಗಿ ನೋಡಿದರೆ ನಾನು! ಎದೆ ಒಡೀಬೇಕು ಅವನಿಗೆ.

ಯಾಕೆ ಹಾಗೆ ನೋಡ್ತೀಯ? ಮೊದಲೇ ಹೇಳಿದ್ದೀನಾ ಇದನ್ನ? ಇರಲಿ.

ಮೇಡಂ ಕೊಟ್ಟ ಕೆಲಸ ಎಷ್ಟು ಸುಲಭದ್ದು ಗೊತ್ತಾ? ಅವರ ವಯಸ್ಸು ನಮ್ಮ ಮಗಳಷ್ಟು, ಗತ್ತು ನಮ್ಮ ಗಿರಣಿ ಮ್ಯಾನೇಜರಷ್ಟು. ಅವರು ಹೇಳಿದ್ದು ಇಷ್ಟೇ. ಪುಸ್ತಕದ ಪ್ರಕಾರ ಮನುಷ್ಯನ ದಿನದಲ್ಲಿ ಇರೋದು ಎರಡೇ, ದುಡಿಮೆ ಮತ್ತು ವಿರಾಮ. ಸಂಬಳ ಬಂದರೆ ದುಡಿಮೆ, ಬಾರದಿದ್ದರೆ ವಿರಾಮ. ಇದು ನಿಜವಾ ಅಂತ ನೋಡಿಕೊಂಡು ಬನ್ನಿ. ನಿಮ್ಮ ಮನೆಯಲ್ಲಿ ಸಂಬಳ ಇಲ್ಲದೆ ದುಡಿಯೋರು ಯಾರೋ ಅವರ ಹತ್ತಿರ ಒಂದು ಇಡೀ ದಿನ ಕೂತು ನೋಡಿ. ಏನೂ ಕೇಳಬೇಡಿ, ಏನೂ ಬರೀಬೇಡಿ, ಬರೀ ನೋಡಿ. ಆಮೇಲೆ ತರಗತಿಯಲ್ಲಿ ಎದ್ದು ನಿಂತು ನೋಡಿದ್ದನ್ನ ಹೇಳಿ. ಅಷ್ಟೇ. ಇದಕ್ಕೂ ಸುಳ್ಳು ಹೇಳ್ತಾರಲ್ಲ! ಒಬ್ಬಳ ಅಜ್ಜಿ ದಿನವಿಡೀ ಬಾವಿಯಿಂದ ನೀರು ಸೇದ್ತಾರಂತೆ. ಅವರ ಬೀದಿಯಲ್ಲಿ ಬಾವಿ ಎಲ್ಲಿದೆ? ಇವನದು ಹಸು. ನೋಡಬೇಕಾದವರು ಕ್ಯಾಂಟೀನಿನಲ್ಲಿ ಕೂತು ಸಮೋಸ ತಿಂದುಕೊಂಡು ಅವರಮ್ಮಂದಿರ ದುಡಿಮೆಯ ಕತೆ ಹೆಣೆದಿದ್ದಾರೆ. ಹೆತ್ತ ತಾಯಿ ಏನು ಮಾಡ್ತಾಳೆ ಅಂತ ತಲೆಯೆತ್ತಿ ನೋಡೋಕಾಗದವರು. ಅಸಹ್ಯ, ಅಸಹ್ಯ.

ನಾನಾದರೆ ನೋಡಿದೆ. ನಿನಗೇ ಗೊತ್ತಲ್ಲ. ಬೆಳಗ್ಗೆಯೇ ಅಡುಗೆಮನೆ ಬಾಗಿಲಿಗೆ ಕೈಯಿರೋ ಕುರ್ಚಿ ಎಳೆದು ಹಾಕಿ, ಇವಳೇ, ಇವತ್ತು ನಾನಿಲ್ಲಿ ಇಲ್ಲ ಅಂದುಕೋ, ನಿನ್ನ ಪಾಡಿಗೆ ನೀನು ಕೆಲಸ ಮಾಡ್ಕೋ ಅಂದೆ. ಜನ ಕೆಲಸ ಮಾಡೋದನ್ನ ನೋಡೋದಕ್ಕೇ ಸಂಬಳ ತಗೊಂಡೋನು ನಾನು! ನನಗೆ ಯಾರು ಹೇಳಿಕೊಡಬೇಕು? ಕಣ್ಣು ಮಿಟುಕಿಸದೆ ಕೂತಿದ್ದೆ.

ಏನು, ಟವೆಲ್ ಮಡಚೋದು ನಿಲ್ಲಿಸಿಬಿಟ್ಟೆ?

ತರಗತಿಯಲ್ಲಿ ಚೆನ್ನಾಗಿಯೇ ಹೇಳಿದೆ. ಎಲ್ಲರೂ ಕಿವಿಗೊಟ್ಟು ಕೇಳಿದರು. ನನ್ನ ಹೆಂಡತಿ ಬೆಳಗಿನಿಂದ ಮಧ್ಯಾಹ್ನದ ಊಟದ ತನಕ ಒಂದು ಕ್ಷಣ ಕೂರಲ್ಲ ಅಂದೆ. ಒಲೆ, ಪಾತ್ರೆ, ನೀರು, ಬಟ್ಟೆ, ಎಲ್ಲಾ ಬಿಡಿಸಿ ಬಿಡಿಸಿ ಹೇಳಿದೆ. ಹೊಗಳಿದೆ ಕಣೇ ನಿನ್ನ. ಆಮೇಲೆ ಮೇಡಂ, ಊಟ ಆದ ಮೇಲೆ ಅಂತ ಕೇಳಿದರು. ಆಮೇಲೆ ವಿರಾಮ ಅಂದೆ. ಸಂಜೆ ಲೈಟ್ ಹಾಕೋ ತನಕ ಪೂರ್ತಿ ವಿರಾಮ. ಏನೂ ಮಾಡಲ್ವಾ ಅಂದರು. ಏನೂ ಇಲ್ಲ ಮೇಡಂ, ಮನೆಯಲ್ಲಿ ಒಂದು ಪಾತ್ರೆ ಸದ್ದಿರಲಿಲ್ಲ, ನಲ್ಲಿ ಸದ್ದಿರಲಿಲ್ಲ, ಗುಂಡುಸೂಜಿ ಬಿದ್ದರೂ ಕೇಳಿಸಬೇಕು ಅಂದೆ.

ನಿಜ ತಾನೇ? ಸದ್ದಿತ್ತಾ? ನೀನೇ ಹೇಳು. ದಿನಾ ನಲ್ಲಿ ಭೋರ್ ಅಂತ ತಿರುಗಿಸೋಳು, ಆವತ್ತು ಯಾಕೆ ಅಷ್ಟು ಮೆತ್ತಗಿದ್ದೆ ಅಂತ ನನಗೇ ಆಶ್ಚರ್ಯ.

ಸುಮ್ಮನಿದ್ದೀಯ. ಸುಮ್ಮನಿದ್ದರೆ ಒಪ್ಪಿದ ಹಾಗೆ. ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಿದರೆ ಇನ್ನೂ ಒಳ್ಳೇದು, ಯಾಕಂದರೆ… ನೋಡು, ಗಾಬರಿ ಆಗಬೇಡ. ಮೇಡಂ ಒಬ್ಬೊಬ್ಬರ ಮನೆಗೂ ಹೋಗ್ತಿದ್ದಾರೆ. ನೀವು ನೋಡಿದ್ದು ಕೇಳಿದೆ, ಇನ್ನು ಅವರ ಬಾಯಲ್ಲಿ ಕೇಳ್ತೀನಿ ಅಂತ. ಹಾಗೆ ಹೋಗಿದ್ದಕ್ಕೇ ಅಲ್ಲವಾ ಹಸು ಹಾರಿಹೋಗಿದ್ದು! ಸೋಡಾಬುಡ್ಡಿಯನ್ನ ಎಲ್ಲರೆದುರು ಎಬ್ಬಿಸಿ ಬಾಗಿಲು ತೋರಿಸಿದರು. ಕಣ್ಣಲ್ಲಿ ನೋಡದ್ದನ್ನ ನೋಡಿದೆ ಅಂದವರು ನನ್ನ ತರಗತಿಯಲ್ಲಿ ಇರಬೇಕಾಗಿಲ್ಲ ಅಂದರು. ಈ ವರ್ಷ ಆ ವಿಷಯ ಅವನ ಕೈತಪ್ಪಿತು, ಮುಂದಿನ ವರ್ಷ ಮೊದಲಿಂದ. ಅವನಿಗೇನು, ಮುಂದಿನ ವರ್ಷ ಅನ್ನೋದು ಅವನಿಗೆ ಬೇಕಾದಷ್ಟಿದೆ. ನನಗೆ?

ಇವತ್ತು ನಮ್ಮ ಮನೆಗೆ ಬರ್ತಾರೆ. ಈಗಲೇ… ಇನ್ನೇನು ಬರಬಹುದು. ನೀನು ಹೆಚ್ಚು ಮಾತಾಡೋದೇ ಬೇಡ. ಊಟ ಆದ ಮೇಲೆ ವಿರಾಮ ಅಂದುಬಿಡು, ಮುಗೀತು. ಪುಸ್ತಕದ ಪ್ರಕಾರ ಅದು ಸುಳ್ಳೂ ಅಲ್ಲ, ನಿನಗೆ ಸಂಬಳ ಯಾರು ಕೊಟ್ಟಿದ್ದಾರೆ?

ಆ ಮುಖ ಯಾಕೆ? ಏನು ಮಾಡಿದ್ದೀಯ ಆವತ್ತು ಮಧ್ಯಾಹ್ನ? ನೆಲ ಒರೆಸಿದ್ದಾ? ಒರೆಸಿದ್ದೀಯ, ಇಲ್ಲ ಅಂದವರು ಯಾರು. ಎದ್ದು ನೋಡಿದರೆ ಮನೆಯೆಲ್ಲಾ ತಣ್ಣಗೆ ಹೊಳೀತಿತ್ತು, ನನ್ನ ಕುರ್ಚಿ ಕೆಳಗಷ್ಟೇ ಒಣ ಚೌಕ… ಎದ್ದು ಅಂದರೆ, ಕುರ್ಚಿಯಿಂದ ಎದ್ದು. ನೀರು ಕುಡಿಯೋಕೆ ಎದ್ದೆ. ಹೊದಿಕೆ? ಯಾವ ಹೊದಿಕೆ? ಓ, ಅದಾ. ಮೈಮೇಲೆ ನೀನೇ ಹಾಕಿದ್ದಿರಬೇಕು, ತಣ್ಣಗಿತ್ತಲ್ಲ ಆವತ್ತು… ನೋಡು, ಈ ಸಣ್ಣಪುಟ್ಟದ್ದೆಲ್ಲ ಮೇಡಂ ಕೇಳಲ್ಲ.

ಎಲ್ಲಿಗೆ ಹೊರಟೆ? ಇವಳೇ, ಮಾತು ಮುಗಿದಿಲ್ಲ. ಆ ಕುರ್ಚಿ ಯಾಕೆ ಎಳೀತೀಯ, ಹೇಳಿದ್ದರೆ ನಾನೇ… ಬಾಗಿಲಿಗಾ? ಅಡುಗೆಮನೆ ಬಾಗಿಲಿಗೆ ಹಾಕ್ತೀಯಾ? ನಾನು ಒಳಗೆ ಹೋಗಬೇಕಾ? ಸರಿ, ಸರಿ, ಕೈ ತೋರಿಸಬೇಡ, ಹೋದೆ. ಹೋದೆ ಮಾರಾಯ್ತಿ. ಮೇಡಮ್ಮಿಗೆ ಟೀ ಮಾಡಬೇಕು ಅಂತಲಾ? ಮಾಡ್ತೀನಿ. ಅದೇನು ಬ್ರಹ್ಮವಿದ್ಯೆಯಾ.

ಕೂತುಬಿಟ್ಟೆಯಲ್ಲ. ಕೂತ್ಕೋ, ಬೇಡ ಅಂದೆನಾ. ನೋಡ್ತೀಯಾ ನನ್ನ? ನೋಡು. ಇದು ಪಾತ್ರೆ. ಹಾಲು ಒಲೆ ಮೇಲಿಟ್ಟೆ. ಸಕ್ಕರೆ ಡಬ್ಬಿ… ಇದರಲ್ಲಿ ರವೆ. ಇದರಲ್ಲೂ ರವೆ, ಇಷ್ಟೊಂದು ರವೆ ಯಾಕಿದೆ ಮನೆಯಲ್ಲಿ?

ಏನಾಯ್ತು? ತಲೆ ಯಾಕೆ ವಾಲಿಸಿದೆ? ತಲೆ ಸುತ್ತುತ್ತಾ? ಕಣ್ಣು ಯಾಕೆ… ಓಹೋ. ಗೊತ್ತಾಯ್ತು ಬಿಡು. ಬಾಯಿ ಬೇರೆ ತೆರೀತೀಯ. ಗೊರಕೆ ಬೇರೆ. ಸಾಕು, ನಿಲ್ಲಿಸು, ಅಷ್ಟು ಜೋರಾಗಿ ನಾನೆಲ್ಲಿ ಹೊಡೆದೆ?

…

ಆವತ್ತು ಊಟ ಆಗಿತ್ತು. ಫ್ಯಾನ್ ತಿರುಗ್ತಿತ್ತು. ಒಂದು ಸಲ ರೆಪ್ಪೆ ಮುಚ್ಚಿದೆ, ಅಷ್ಟೇ. ಎಬ್ಬಿಸಬಹುದಿತ್ತಲ್ಲ ನೀನು? ನಲ್ಲಿ ಜೋರಾಗಿ ತಿರುಗಿಸಿದ್ದರೂ ಸಾಕಾಗಿತ್ತು…

ಬೆಲ್ಲು. ಬಂದರು ಅನಿಸುತ್ತೆ. ಇವಳೇ, ಏಳು. ಏಳು, ದಾರಿಗೇ ಅಡ್ಡ ಕೂತಿದ್ದೀಯ, ನಾನು ಹೊರಗೆ ಬರೋದು ಹೇಗೆ? ಕುರ್ಚಿ ಸರಿಸಲಾ? ಸರಿಸಿದರೆ ಬೀಳ್ತೀಯ… ಬಂದೆ ಮೇಡಂ, ಒಂದು ನಿಮಿಷ! ಅಯ್ಯೋ, ಹಾಲು ಉಕ್ಕಿತು. ಬಟ್ಟೆ ಎಲ್ಲಿ, ಒರೆಸೋ ಬಟ್ಟೆ ಎಲ್ಲಿ ಇಡ್ತೀಯ?

ನೋಡು, ನಾನೇ ಒರೆಸ್ತಿದ್ದೀನಿ. ಕೈ ಸುಟ್ಟುಕೊಂಡು ಒರೆಸ್ತಿದ್ದೀನಿ. ಮತ್ತೆ ಬೆಲ್ ಮಾಡ್ತಿದ್ದಾರೆ, ಕೇಳಿಸ್ತಾ? ಕಣ್ಣು ತೆಗಿಯೇ. ಒಂದು ಸಲ. ನೀನೇ ನೋಡದಿದ್ದರೆ, ಇಷ್ಟು ಹೊತ್ತು ನಾನು ಇಲ್ಲಿ ಏನು ಮಾಡ್ತಿದ್ದೆ ಅಂತ ಅವರಿಗೆ ಹೇಳೋರು ಯಾರು?