ಯಾರ ಮಗಳು

ದೇವದುರ್ಗದ ಬಸ್ಸಿಗೆ ಕಾಯುತ್ತ ರಾಯಚೂರು ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಕುಟುಂಬ ಸಲಹಾ ಕೇಂದ್ರದ ಮೇಡಂ ಒಬ್ಬರು, ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗಿ.

"ಇವತ್ತ ಬಂದ ಹೆಣ್ಮಗಳು ಯಾಕ ಬಾಯಿ ಬಿಡ್ಲಿಲ್ಲ, ಮೆಹಬೂಬಿ?"

"ಮೊದ್ಲಿಗೇ ನೀ ಯಾರ ಮಗಳು ಅಂತ ಕೇಳಿದ್ಲ್ರಿ, ನಮ್ಮ ದಖನಿ ಉರ್ದುದಾಗ."

"ನೀ ಏನಂದಿ?"

"ಕನ್ನಡದಾಗ ಮಾತಾಡ್ರಿ ಅಂದೆ. ಸಲಹಾ ಕೊಡೋರು ತಮ್ಮ ಸುದ್ದಿ ಹೇಳಬಾರ್ದು ಅಂತ ನೀವೇ ಕಲಿಸೀರಲ್ರಿ."



"ಗುರ್ತು ಹತ್ತಲಾರದೆ ನಮ್ಮ ಕಡಿ ಯಾರು ಮನಿ ಕಷ್ಟ ಹೇಳ್ತಾರವ್ವಾ? ನಾ ಕಲಿಸಿದ್ದೇ ತಪ್ಪಾತು. ನಾಳಿ ಆಕಿ ಕೂಡ ನಿಮ್ಮ ಮಾತಿನ್ಯಾಗೇ ಮಾತಾಡು."

"ನಿಮಗ ತಿಳಿಯಂಗಿಲ್ಲಲ್ರಿ."

"ನಾ ಹೊರಗ ಕುಂದರ್ತೀನಿ."

ಮೇಡಂ ಕಾಯುತ್ತಿದ್ದ ಮಾನ್ವಿಯ ಬಸ್ಸು ಬಂತು. ಹತ್ತುವಾಗ ಅವರು ಹುಡುಗಿಯ ಕಡೆ ಹಿಂತಿರುಗಿ ನೋಡಿದರು.

"ಅಲ್ಲಬೇ, ನೀ ಯಾರ ಮಗಳು? ಇಷ್ಟು ದಿನ ಆತು, ನಾನೂ ಕೇಳೇ ಇಲ್ಲ."