ಬಾವಿ ಇಲ್ಲದ ಕಡೆ ಬಿದ್ದ ಗುರುತು

ನನ್ನ ಚಿಕ್ಕಪ್ಪನ ಮಗ ತುಳಜಾರಾಮನಿಗೆ ಆದದ್ದು ಇದು. ಎಂಬತ್ತೇಳನೇ ಇಸವಿ. ನಂಬದವರು ಎದ್ದು ಹೋಗಿ ಮಲಗಿರಿ.

ಹೊತ್ತು ಮುಳುಗಿತ್ತು. ಮಂಠಾಳದ ಆಲದ ಮರ ದಾಟಿ ಒಬ್ಬನೇ ಬೀಳು ನೆಲಕ್ಕೆ ಇಳಿದ. ಕೈಯಲ್ಲಿ ವಿಮಾನದಿಂದ ತೆಗೆದ ಫೋಟೊ. ಅದರ ಮೇಲೊಂದು ಗುರುತು...

ಅವನ ಕೆಲಸವೇ ಅದು. ಹುಮನಾಬಾದಿನಲ್ಲಿ ಬಾವಿಗಳ ಸರ್ವೆ ಕ್ಯಾಂಪು. ಕಂಪ್ಯೂಟರಿಗೆ ಒಂದು ಬಾವಿಯ ಚಿತ್ರ ನಮೂನೆಯಾಗಿ ಕೊಟ್ಟರೆ, ಅಂಥದ್ದನ್ನು ಉಳಿದ ಫೋಟೊಗಳಲ್ಲಿ ತಾನೇ ಹುಡುಕಿ ಗುರುತು ಹಾಕುತ್ತಿತ್ತು. ಒಮ್ಮೊಮ್ಮೆ ರಾಶಿ ಮಾಡುವ ದುಂಡನೆಯ ಕಣವನ್ನೂ ಬಾವಿ ಎನ್ನುತ್ತಿತ್ತು. ಇವನು ಹೋಗಿ ನೋಡಿ ಸರಿ, ತಪ್ಪು ಬರೆಯಬೇಕು.

ನಮೂನೆ ಆರಿಸಿದವನೂ ಇವನೇ. ಕೊಹಿನೂರದ ತನ್ನ ಹೊಲದ ಬಾವಿ. ಆ ಚಿತ್ರದಲ್ಲಿ ಬಾವಿಯ ದಂಡೆಗೆ ಸಾಸಿವೆಯಷ್ಟು ಚುಕ್ಕೆ. ಅದು ಅವನ ಹೆಂಡತಿ ಯಶೋದಾಬಾಯಿ. ವಿಮಾನ ಹಾದಾಗ ನೀರು ಸೇದುತ್ತಿದ್ದಳು. ಮರುವರ್ಷ ಜ್ವರದಲ್ಲಿ ಹೋದಳು. ಅವಳದು ಬೇರೆ ಫೋಟೊ ಇರಲಿಲ್ಲ.

"ಮನುಷ್ಯಾರಿರೋ ನಮೂನಿ ಬ್ಯಾಡೋ, ಮಷೀನ್ ದಿಕ್ಕು ತಪ್ತದ, ಬಾವಿ ಬಿಟ್ಟು ಮನುಷ್ಯಾರ್ನ ಹುಡುಕ್ತದ," ಎಂದಿದ್ದ ಕಂಪ್ಯೂಟರ್ ನಡೆಸುವ ಹುಸೇನ. ಇವನು ಕೇಳಲಿಲ್ಲ.

ಈಗ ಗುರುತಿನ ಜಾಗದಲ್ಲಿ ನಿಂತ. ಬಾವಿ ಇಲ್ಲ. ಕಲ್ಲು, ಜಾಲಿ ಗಿಡ. ತಪ್ಪು ಎಂದು ಬರೆಯಲು ಪೆನ್ನು ತೆಗೆದ.

ಕಿರ್ರ್... ಕಿರ್ರ್...

ಬಾವಿಯ ಗಡಗಡಿ ತಿರುಗುವ ಸದ್ದು. ಆಮೇಲೆ ಕೊಡ ನೀರಿಗೆ ಬಿದ್ದ ಸದ್ದು. ದುಬುಕ್.

"ನನ್ನ ಹುಡುಕಾಕ ಮಷೀನ್ ಬೇಕಾತೇನ್ರಿ?" ಬೆನ್ನ ಹಿಂದೆ ಪಿಸುಮಾತು. "ಮನ್ಯಾಗಿದ್ದಾಗ ಒಮ್ಮೆರೆ ಹುಡುಕಿದ್ರೇನು?"

ಅವನು ಬರೆಯದೆ ಪೆನ್ನು ಮುಚ್ಚಿದ.

"ಯಶೋದಾ... ಮನೀಗೆ ಬಾ."

"ಹ್ಯಾಂಗ ಬರ್ಲಿ? ದಾರಿ ತಿಳಿವಲ್ದು."

"ನನ್ನ ಹಿಂದ ಬಾ."

"ನೀವು ಜೋರ್ ನಡೀತೀರಿ. ಯಾವಾಗ್ಲೂ ಹಂಗ."

"ಇಲ್ಲ... ಸಾವಕಾಶ ನಡೀತೇನಿ."

ಬಸ್ಸು ಹತ್ತಲಿಲ್ಲ. ಕೊಹಿನೂರದ ತನಕ ನಿಂತು ನಿಂತು ನಡೆದ. ಹಿಂದೆ ಕಾಲುಂಗುರ ಕಲ್ಲಿಗೆ ತಾಗುವ ಸದ್ದು. ಟಿಣ್... ಟಿಣ್... ತಿರುಗಿ ನೋಡಲಿಲ್ಲ. ಅವಳು ಇರದಿದ್ದರೆ?

ಹೊಸ್ತಿಲು ದಾಟಿದ. ಸದ್ದೂ ದಾಟಿತು. ಆಮೇಲೆ ಏನಿಲ್ಲ.

ಮರುದಿನ ಹುಸೇನ ಅದೇ ಹಳೆಯ ಫೋಟೊಗಳನ್ನು ಮತ್ತೆ ಕಂಪ್ಯೂಟರಿಗೆ ಕೊಟ್ಟ. ಬೀಳು ನೆಲದ ಮೇಲಿನ ಗುರುತು ಇರಲಿಲ್ಲ. ಹೊಸದೊಂದು ಬಿದ್ದಿತ್ತು, ತುಳಜಾರಾಮನ ಮನೆಯ ಮಾಳಿಗೆಯ ಮೇಲೆ.

"ಮನೀ ಒಳಗ ಬಾವಿ ತೋಡಿಯೇನ್ಲೇ?" ಹುಸೇನ ನಕ್ಕ. "ತಪ್ಪು ಅಂತ ಬರಿ."

ತುಳಜಾರಾಮ 'ಸರಿ' ಎಂದು ಬರೆದ.

ಆ ಫೋಟೊ ನಾನು ಕಣ್ಣಾರೆ ನೋಡಿದ್ದೇನೆ. ಅವನ ಮನೆಯನ್ನೂ ನೋಡಿದ್ದೇನೆ. ಒಳಗೆ ಬಾವಿ ಇಲ್ಲ.